ಮದ್ಯ ಮಾರಾಟದ ವಯಸ್ಸು: ಹದಿನೆಂಟೋ, ಇಪ್ಪತ್ತೊಂದೋ?
ಸಕಲೇಶಪುರ-ಆಲೂರು ಮಲೆನಾಡಿನ ಹಿನ್ನೆಲೆಯಲ್ಲಿ ಒಂದು ಮಾಹಿತಿ ಲೇಖನ

ಕರ್ನಾಟಕದಲ್ಲಿ ಎಷ್ಟು ವರ್ಷ ತುಂಬಿದವರಿಗೆ ಮದ್ಯ ಮಾರಬಹುದು ಎಂದು ಕೇಳಿದರೆ ಕೆಲವರು ಹದಿನೆಂಟು ಎನ್ನುತ್ತಾರೆ, ಕೆಲವರು ಇಪ್ಪತ್ತೊಂದು ಎನ್ನುತ್ತಾರೆ. ಸೋಜಿಗವೆಂದರೆ ಇಬ್ಬರ ಮಾತಿಗೂ ಕಾನೂನಿನ ಪುಸ್ತಕದಲ್ಲಿ ಆಧಾರವಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಮಿನಲ್ಲಿ ಇರುವುದು 18 ವರ್ಷ. ಅದೇ ಕಾಯ್ದೆಯಡಿ 1967ರಲ್ಲಿ ಬಂದ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಾವಳಿಯಲ್ಲಿ, 10ನೇ ನಿಯಮದ ಪ್ರಕಾರ 21 ವರ್ಷದೊಳಗಿನವರಿಗೆ ಮದ್ಯ ಮಾರಕೂಡದು. ವೈನ್ ಶಾಪಿನ ಗೋಡೆಯಲ್ಲಿ ಕಾಣುವ 21ರ ಫಲಕ ಈ ನಿಯಮದಿಂದ ಬಂದದ್ದು. ಇವತ್ತಿಗೂ ಅಂಗಡಿಯವನು ಪಾಲಿಸಬೇಕಾದ ವಯಸ್ಸು 21.

ಈ ಎರಡು ಸಂಖ್ಯೆಗಳ ನಡುವಿನ ಮೂರು ವರ್ಷಗಳು 2023ರ ಜನವರಿಯಲ್ಲಿ ರಾಜ್ಯದಾದ್ಯಂತ ಸುದ್ದಿಯಾದವು. ಬಸವರಾಜ ಬೊಮ್ಮಾಯಿ ಅವರು ಮುಖ್ಯಮಂತ್ರಿಯಾಗಿದ್ದ, ಕೆ. ಗೋಪಾಲಯ್ಯ ಅವರು ಅಬಕಾರಿ ಸಚಿವರಾಗಿದ್ದ ಕಾಲ ಅದು. ನಿಯಮದಲ್ಲಿರುವ 21ನ್ನು 18ಕ್ಕೆ ಇಳಿಸುವ ಕರಡು ಅಧಿಸೂಚನೆಯನ್ನು ಸರಕಾರ ಹೊರಡಿಸಿ, ಸಾರ್ವಜನಿಕರ ಆಕ್ಷೇಪಣೆಗೆ 30 ದಿನಗಳ ಅವಕಾಶ ಕೊಟ್ಟಿತು. ಕಾಯ್ದೆಗೂ ನಿಯಮಕ್ಕೂ ಇರುವ ವ್ಯತ್ಯಾಸವನ್ನು ಸರಿಪಡಿಸುವುದು ಕೊಟ್ಟ ಕಾರಣ. ವಿರೋಧ ಜೋರಾಗಿಯೇ ಬಂತು. ಮೂವತ್ತು ದಿನ ಮುಗಿಯುವ ಮುನ್ನವೇ, ಅದೇ ತಿಂಗಳಲ್ಲಿ, ಸರಕಾರ ಪ್ರಸ್ತಾವವನ್ನು ಕೈಬಿಟ್ಟಿತು. ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಇತ್ತೆಂಬುದನ್ನೂ ಇಲ್ಲಿ ನೆನಪಿಡಬೇಕು.

ಹಾಗಾದರೆ ವಿಷಯ ಅಲ್ಲಿಗೆ ಮುಗಿಯಿತೇ? ಇಲ್ಲ. ಕಾಯ್ದೆಯನ್ನು ತಿದ್ದಲು ವಿಧಾನಮಂಡಲ ಬೇಕು. ನಿಯಮವನ್ನು ತಿದ್ದಲು ಸರಕಾರದ ಅಧಿಸೂಚನೆ ಸಾಕು. ನಮ್ಮ ಮಕ್ಕಳಿಗೆ ರಕ್ಷಣೆಯಾಗಿರುವ 21 ಎಂಬ ಸಂಖ್ಯೆ ನಿಂತಿರುವುದು ಸುಲಭವಾಗಿ ಬದಲಿಸಬಹುದಾದ ಕಡೆಯಲ್ಲಿ. ಗೊಂದಲ ನಿವಾರಿಸಲು ಎರಡು ದಾರಿಗಳಿದ್ದವು: ನಿಯಮವನ್ನು 18ಕ್ಕೆ ಇಳಿಸುವುದು, ಇಲ್ಲವೇ ಕಾಯ್ದೆಯನ್ನೇ 21ಕ್ಕೆ ಏರಿಸುವುದು. ಕರಡು ಹಿಡಿದದ್ದು ಮೊದಲನೆಯ ದಾರಿ. ಎರಡನೆಯದೇ ಸರಿಯಾದ ದಾರಿ ಎಂಬುದು ಈ ಲೇಖಕನ ಅಭಿಪ್ರಾಯ. ಅದು ಏಕೆಂದು ತಿಳಿಯಲು ಘಟ್ಟದ ಮೇಲಿನ ಎರಡು ತಾಲೂಕುಗಳನ್ನು ನೋಡಿದರೆ ಸಾಕು.

ಘಟ್ಟದ ಮೇಲೆ

ಸಕಲೇಶಪುರ ಮತ್ತು ಆಲೂರು ಹಾಸನ ಜಿಲ್ಲೆಗೆ ಸೇರಿದರೂ ಕರಾವಳಿಯವರಿಗೆ ಪರಕೀಯವಲ್ಲ. ಶಿರಾಡಿ ಘಾಟಿ ಹತ್ತಿದ ಮೇಲೆ ಸಿಗುವ ಮೊದಲ ದೊಡ್ಡ ಪಟ್ಟಣ ಹೇಮಾವತಿ ದಂಡೆಯ ಸಕಲೇಶಪುರ. ಕಾಫಿ ತೋಟಗಳಿಗೆ ರೈಟರ್, ಮೇಸ್ತ್ರಿ, ಕೂಲಿಗಳಾಗಿ ಹೋದ ಎಷ್ಟೋ ಕರಾವಳಿ ಕುಟುಂಬಗಳು ಅಲ್ಲಿಯೇ ನೆಲೆ ನಿಂತಿವೆ. ಅಲ್ಲಿನ ಕಥೋಲಿಕ ಚರ್ಚುಗಳು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಒಳಪಟ್ಟಿವೆ. ಬೆಂಗಳೂರು-ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಈ ಬೆಟ್ಟಗಳ ನಡುವೆಯೇ ಹಾದು ಹೋಗುತ್ತದೆ.

ತೋಟದ ಬದುಕಿನಲ್ಲಿ ಕುಡಿತ ಹೊಸದೇನಲ್ಲ. ಮಳೆ, ಚಳಿ, ಮೈಮುರಿಯುವ ದುಡಿಮೆ, ವಾರದ ಬಟವಾಡೆ, ಸಂತೆ ಇವೆಲ್ಲ ಅದಕ್ಕೆ ಕಾರಣಗಳಾಗಿ ಹೇಳಲ್ಪಟ್ಟಿವೆ. ಒಂದು ಕಾಲಕ್ಕೆ ಬಟವಾಡೆ ದಿನ ಸಾರಾಯಿ ಪ್ಯಾಕೆಟ್ಟಿನ ದಿನವೂ ಆಗಿತ್ತು. ಲೈನ್ ಮನೆಗಳ ಹೆಂಗಸರು ಅಂದು ಪಟ್ಟ ಪಾಡು ಅವರಿಗೇ ಗೊತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ನಿಷೇಧ ಜಾರಿಗೆ ತಂದ ಸರಕಾರದ ಮುಖ್ಯಮಂತ್ರಿ ಇದೇ ಹಾಸನ ಜಿಲ್ಲೆಯ ಎಚ್.ಡಿ. ಕುಮಾರಸ್ವಾಮಿ. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅದರ ಜಾಗಕ್ಕೆ ಕಡಿಮೆ ದರದ ವಿಸ್ಕಿ, ಬ್ರಾಂದಿ, ರಮ್‌ಗಳು ಬಂದವು. ಇವು ಈಗ 90 ಮಿಲಿಲೀಟರಿನ ಟೆಟ್ರಾ ಪ್ಯಾಕ್‌ಗಳಲ್ಲಿಯೂ ಸಿಗುತ್ತವೆ. ಅಂಗಿಯ ಕಿಸೆಗೆ ಹಿಡಿಸುವ ಗಾತ್ರ, ಒಬ್ಬ ಹುಡುಗನ ಕೈಖರ್ಚಿಗೂ ಎಟಕುವ ಬೆಲೆ. ಬಾಟಲಿಯಂತೆ ಸದ್ದಿಲ್ಲ, ಖಾಲಿಯಾದ ಮೇಲೆ ಕಾಫಿ ಗಿಡದ ಬುಡಕ್ಕೆ ಎಸೆದರೆ ಮುಗಿಯಿತು. ಎಳೆಯರ ಕುಡಿತದ ಬಗ್ಗೆ ಮಾತನಾಡುವವರು ವಯಸ್ಸಿನಷ್ಟೇ ಈ ಪ್ಯಾಕೆಟ್ಟಿನ ಬಗ್ಗೆಯೂ ಮಾತನಾಡಬೇಕು.

ಮಾರಾಟದ ಜಾಗಗಳು ಹಲವು ಬಗೆಯವು. ಸಿಎಲ್-2 ಎಂದರೆ ಚಿಲ್ಲರೆ ವೈನ್ ಶಾಪ್. ಅಲ್ಲಿ ಕೊಳ್ಳಬಹುದು, ಕುಳಿತು ಕುಡಿಯುವಂತಿಲ್ಲ. ಸಿಎಲ್-9 ಎಂದರೆ ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ವಸತಿಗೃಹಗಳಿಗೆ, ಸಿಎಲ್-4 ಕ್ಲಬ್ಬುಗಳಿಗೆ. ಸರಕಾರಿ ಸ್ವಾಮ್ಯದ ಎಂ.ಎಸ್.ಐ.ಎಲ್. ಮಳಿಗೆಗಳದ್ದು ಸಿಎಲ್-11ಸಿ. ಇವೆಲ್ಲಕ್ಕೂ 21ರ ಷರತ್ತು ಅನ್ವಯಿಸುತ್ತದೆ. ಅನ್ವಯಿಸದ ಜಾಗ ಇನ್ನೊಂದಿದೆ, ಸನ್ನದೇ ಇಲ್ಲದ ಗೂಡಂಗಡಿ. ಪಟ್ಟಣದಿಂದ ಪೆಟ್ಟಿಗೆಗಟ್ಟಲೆ ತಂದು, ನಾಲ್ಕಾರು ರೂಪಾಯಿ ಹೆಚ್ಚಿಗೆ ಹಾಕಿ, ಬೀಡಿ-ಬಿಸ್ಕತ್ತಿನ ಜೊತೆ ಮಾರುವ ಅಂಗಡಿಗಳ ವಿರುದ್ಧ ಮಲೆನಾಡಿನ ಊರುಗಳಲ್ಲಿ ಮಹಿಳೆಯರು ದೂರುತ್ತಲೇ ಬಂದಿದ್ದಾರೆ. ಇಂಥ ಅಂಗಡಿಯವನಿಗೆ 18 ಆದರೇನು, 21 ಆದರೇನು? ಅವನ ವ್ಯಾಪಾರವೇ ಕಾನೂನಿನ ಹೊರಗಿನದು.

ಕಾನೂನು ಹಿಡಿಯುವುದು ಯಾರನ್ನು?

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಹೋಗಲಾಡಿಸುವುದು ಅಗತ್ಯ. ನಾವು ‘ಕುಡಿಯುವ ವಯಸ್ಸು’ ಎನ್ನುತ್ತೇವೆ. 21ರ ನಿಯಮ ನಿಜವಾಗಿ ಸನ್ನದುದಾರನ ಮೇಲೆ ಹಾಕಿದ ಷರತ್ತು. ಇಪ್ಪತ್ತರ ಯುವಕನಿಗೆ ಮದ್ಯ ಕೊಟ್ಟರೆ ಉತ್ತರ ಹೇಳಬೇಕಾದವನು ಅಂಗಡಿಯವನು. ಆ ಯುವಕ ಮನೆಯಲ್ಲಿ, ಗೆಳೆಯರ ಕೋಣೆಯಲ್ಲಿ, ಮದುವೆ ಮನೆಯಲ್ಲಿ ಕುಡಿದರೆ ಈ ನಿಯಮ ಏನೂ ಹೇಳುವುದಿಲ್ಲ.

ಹದಿನೆಂಟರ ಕೆಳಗಿನ ಮಕ್ಕಳ ವಿಷಯ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ, ವೈದ್ಯರ ಸಲಹೆ ಇಲ್ಲದೆ ಮಗುವಿಗೆ ಮದ್ಯ ಅಥವಾ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ‘ಕೊಟ್ಟವರು’ ಎಂದರೆ ಅಂಗಡಿಯವನು ಮಾತ್ರವಲ್ಲ, ಯಾರು ಕೊಟ್ಟರೂ ಅಪರಾಧವೇ. ಮಾವ, ಚಿಕ್ಕಪ್ಪ, ನೆರೆಮನೆಯ ಅಂಕಲ್ ಎಲ್ಲರೂ ಇದರೊಳಗೆ ಬರುತ್ತಾರೆ. 78ನೇ ಕಲಮು ಮಕ್ಕಳ ಕೈಯಲ್ಲಿ ಮದ್ಯ ಮಾರಿಸುವುದು, ಹೊರಿಸುವುದು, ಸಾಗಿಸುವುದಕ್ಕೂ ಅಷ್ಟೇ ಶಿಕ್ಷೆ ಹೇಳುತ್ತದೆ. ‘ಓಡಿ ಹೋಗಿ ಒಂದು ಕ್ವಾರ್ಟರ್ ತಾ ಮಗಾ’ ಎನ್ನುವ ತಂದೆಗೆ ಈ ಕಲಮಿನ ವಿಷಯ ತಿಳಿದಿರುವುದಿಲ್ಲ.

ಕಥೋಲಿಕ ಕುಟುಂಬಗಳೂ ಈ ಮಾತನ್ನು ತಮಗೆ ಹೇಳಿದ್ದೆಂದೇ ತಿಳಿಯಬೇಕು. ನಮ್ಮಲ್ಲಿ ರೋಸ್, ಮದುವೆ, ನಾಮಕರಣಗಳಲ್ಲಿ ಗ್ಲಾಸು ಕಾಣುವುದು ಸಾಮಾನ್ಯ. ಟೋಸ್ಟ್ ಹೇಳುವಾಗ ಹುಡುಗರ ಕೈಗೂ ಗ್ಲಾಸು ಬರುತ್ತದೆ. ‘ಸ್ವಲ್ಪ ವೈನ್ ತಾನೇ’ ಎಂದು ಹಿರಿಯರು ನಗುತ್ತಾರೆ. ಹದಿನಾರರ ಹುಡುಗನಿಗೆ ಗ್ಲಾಸು ಕೊಟ್ಟು, ವೈನ್ ಶಾಪಿನವನು ವಯಸ್ಸು ಕೇಳುವುದಿಲ್ಲವೆಂದು ದೂರುವುದು ಸರಿಯೇ?

ಹದಿನೆಂಟರ ಪರವಾದ ವಾದ

ವಯಸ್ಸು ಇಳಿಸಬೇಕೆನ್ನುವವರೆಲ್ಲ ಮದ್ಯದ ವ್ಯಾಪಾರಿಗಳಲ್ಲ. ಅವರ ವಾದದಲ್ಲೂ ತಿರುಳಿದೆ. ಸಂವಿಧಾನದ 61ನೇ ತಿದ್ದುಪಡಿಯ ಫಲವಾಗಿ 1989ರಿಂದ ಮತದಾನದ ವಯಸ್ಸು 18. ಅದೇ ವಯಸ್ಸಿಗೆ ವಾಹನದ ಲೈಸೆನ್ಸ್ ಸಿಗುತ್ತದೆ, ಕರಾರಿಗೆ ಸಹಿ ಹಾಕಬಹುದು, ಸೇನೆ ಸೇರಬಹುದು. ಹೆತ್ತೂರು, ಯಸಳೂರು ಕಡೆಯ ತೋಟವೊಂದರಲ್ಲಿ ದುಡಿಯುವ ಹತ್ತೊಂಬತ್ತರ ಯುವಕನನ್ನೇ ತೆಗೆದುಕೊಳ್ಳಿ. ಕಾಫಿ ಕೊಯ್ಲಿನಲ್ಲಿ ದೊಡ್ಡವರಷ್ಟೇ ಮೂಟೆ ಹೊರುತ್ತಾನೆ, ದೊಡ್ಡವರ ಸಂಬಳ ಪಡೆಯುತ್ತಾನೆ, ಮನೆಗೂ ಕೊಡುತ್ತಾನೆ. ಶಾಸಕನನ್ನು ಆರಿಸುವ ಬುದ್ಧಿ ಇದೆಯೆಂದು ಒಪ್ಪಿದ ಸರಕಾರ, ಒಂದು ಬಿಯರ್ ಕೊಳ್ಳುವ ಬುದ್ಧಿ ಇಲ್ಲವೆಂದರೆ ಅವನಿಗೆ ನಗು ಬರುವುದು ಸಹಜ. ತಡೆದಷ್ಟೂ ಚಪಲ ಹೆಚ್ಚುತ್ತದೆ, ಕದ್ದು ಕುಡಿಯುವವನು ಬಾರಿನ ಬೆಳಕಿನಲ್ಲಿ ಕುಡಿಯುವುದಿಲ್ಲ, ಹೊಳೆ ಬದಿಯ ಕತ್ತಲಲ್ಲಿ ಕುಡಿಯುತ್ತಾನೆ ಎಂಬ ಮಾತೂ ಸುಳ್ಳಲ್ಲ.

ಭಾರತದಲ್ಲಿ ಇದಕ್ಕೆ ಒಂದೇ ಅಳತೆ ಇಲ್ಲ. ಮದ್ಯ ರಾಜ್ಯಗಳ ಪಟ್ಟಿಯ ವಿಷಯ. ಕಾರವಾರ ದಾಟಿ ಗೋವಾಕ್ಕೆ ಹೋದರೆ 18. ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ 23. ಕೇರಳ 2017ರಲ್ಲಿ 21ರಿಂದ 23ಕ್ಕೆ ಏರಿಸಿತು. ಹರಿಯಾಣ ಸರಿಸುಮಾರು ನಾಲ್ಕು ವರ್ಷಗಳ ಬಳಿಕ 25ರಿಂದ 21ಕ್ಕೆ ಇಳಿಸಿತು. ಬಿಹಾರದಲ್ಲಿ 2016ರಿಂದ ಪೂರ್ಣ ಪಾನನಿಷೇಧ. ಇವೆಲ್ಲದರ ಮೇಲೆ ಸಂವಿಧಾನದ 47ನೇ ವಿಧಿ ಇದೆ. ಅಮಲು ಪಾನೀಯಗಳ ನಿಷೇಧಕ್ಕೆ ರಾಜ್ಯವು ಯತ್ನಿಸಬೇಕು ಎಂದು ಅದು ಹೇಳುತ್ತದೆ. ರಾಜ್ಯದ ಖಜಾನೆ ಹೇಳುವುದು ಬೇರೆ: 2022-23ರ ಕರ್ನಾಟಕ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 29,000 ಕೋಟಿ ರೂಪಾಯಿ, ಹೊಸ ಸರಕಾರ 2023ರ ಜುಲೈಯಲ್ಲಿ ಮಂಡಿಸಿದ ಬಜೆಟ್ಟಿನಲ್ಲಿ 36,000 ಕೋಟಿ. ಪಕ್ಷ ಯಾವುದಾದರೂ ಗುರಿ ಏರುತ್ತಲೇ ಇದೆ.

ಇಪ್ಪತ್ತೊಂದು ಏಕೆ ಉಳಿಯಬೇಕು

ಮತ ಹಾಕುವುದಕ್ಕೂ ಮದ್ಯ ಕೊಳ್ಳುವುದಕ್ಕೂ ಒಂದೇ ವಯಸ್ಸು ಇರಬೇಕೆಂಬುದು ಕೇಳಲು ಚೆಂದ. ಆದರೆ ತಪ್ಪಾಗಿ ಹಾಕಿದ ಮತ ಯಾರನ್ನೂ ರಸ್ತೆಯ ತಿರುವಿನಲ್ಲಿ ಕೊಲ್ಲುವುದಿಲ್ಲ. ಅಮೆರಿಕದಲ್ಲಿ 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಾಗ, ಇದೇ ವಾದ ಹೂಡಿ ಅನೇಕ ರಾಜ್ಯಗಳು ಮದ್ಯದ ವಯಸ್ಸನ್ನೂ ಇಳಿಸಿದವು. ಎಳೆಯರ ರಸ್ತೆ ಸಾವುಗಳು ಹೆಚ್ಚಿದಾಗ 1984ರಲ್ಲಿ ಕೇಂದ್ರ ಕಾನೂನು ತಂದು, 21ಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನ ಕಡಿತ ಮಾಡುವುದಾಗಿ ಹೇಳಬೇಕಾಯಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಮರಳಿದ್ದವು. ನ್ಯೂಜಿಲೆಂಡ್ 1999ರಲ್ಲಿ 20ರಿಂದ 18ಕ್ಕೆ ಇಳಿಸಿತು. ಆ ಬಳಿಕ 18-19ರ ಯುವಕರಲ್ಲಿ ಅಪಘಾತದ ಗಾಯಗಳು ಹೆಚ್ಚಾದುದನ್ನು ಸಂಶೋಧಕರು ದಾಖಲಿಸಿದರು.

ನಮ್ಮಲ್ಲಿಯ ಮುಖ್ಯ ಕಾರಣ ತರಗತಿಯ ಕೋಣೆಯಲ್ಲಿದೆ. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅನೇಕರಿಗೆ ಹದಿನೆಂಟು ತುಂಬುತ್ತದೆ. ವಯಸ್ಸು 18 ಆದರೆ, ಕಾನೂನುಬದ್ಧವಾಗಿ ಮದ್ಯ ಕೊಳ್ಳಬಲ್ಲ ಒಬ್ಬ ಹುಡುಗ ಹದಿನಾರು-ಹದಿನೇಳರ ಗೆಳೆಯರ ಪಕ್ಕದ ಬೆಂಚಿನಲ್ಲೇ ಕೂತಿರುತ್ತಾನೆ. ಅವನು ಕೊಂಡರೆ ನಾಲ್ವರು ಕುಡಿಯುತ್ತಾರೆ. ವಯಸ್ಸು 21 ಆಗಿದ್ದರೆ ಕೊಳ್ಳಬಲ್ಲವನು ಪಿಯು ಕಾಲೇಜಿನಲ್ಲಿ ಇರುವುದೇ ಇಲ್ಲ, ಡಿಗ್ರಿಯ ಕೊನೆಯನ್ನೂ ಮುಟ್ಟಿರುತ್ತಾನೆ. ಹಾನುಬಾಳಿನಿಂದಲೋ ಪಾಳ್ಯದಿಂದಲೋ ಬಸ್ಸು ಹಿಡಿದು ಪಟ್ಟಣದ ಕಾಲೇಜಿಗೆ ಬರುವ ಮಕ್ಕಳಿಗೆ ಮೂರು ವರ್ಷಗಳ ಈ ಅಂತರ ಸಣ್ಣದಲ್ಲ. ಮೊದಲ ಗುಟುಕು ತಡವಾದಷ್ಟೂ ಮುಂದೆ ಚಟವಾಗುವ ಅಪಾಯ ಕಡಿಮೆ ಎಂಬುದು ವೈದ್ಯರು ಬಹುಕಾಲದಿಂದ ಹೇಳುತ್ತಿರುವ ಮಾತು. ಮೆದುಳಿನ ಬೆಳವಣಿಗೆ ಇಪ್ಪತ್ತರ ನಂತರವೂ ಮುಂದುವರಿಯುತ್ತದೆ. ಕರ್ನಾಟಕ ಈ ಕರಡು ಹೊರಡಿಸಿದ ಅದೇ 2023ರ ಜನವರಿಯಲ್ಲಿ, ಮದ್ಯಪಾನದಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು.

ಎರಡನೆಯ ಕಾರಣ ರಸ್ತೆ. ಹದಿನೆಂಟಕ್ಕೆ ಲೈಸೆನ್ಸ್, ಹದಿನೆಂಟಕ್ಕೆ ಬೈಕ್, ಹದಿನೆಂಟಕ್ಕೇ ಮದ್ಯವೂ ಎಂದರೆ ಮೂರೂ ಒಂದೇ ವರ್ಷ ಕೈಗೆ ಬರುತ್ತವೆ. ದೋಣಿಗಾಲ್, ಮಾರನಹಳ್ಳಿ ದಾಟಿ ಘಾಟಿಗೆ ಇಳಿಯುವ ರಸ್ತೆಯನ್ನು ಮಳೆಗಾಲದಲ್ಲಿ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನು 500 ಮೀಟರ್ ದೂರ ಇರಿಸಬೇಕೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಆದೇಶಿಸಿತ್ತು. 2017ರಲ್ಲಿ ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿ, ಬಳಿಕ ಪುರಸಭೆಗಳ ವ್ಯಾಪ್ತಿಗೆ ಆ ನಿರ್ಬಂಧವಿಲ್ಲವೆಂದು ಸ್ಪಷ್ಟಪಡಿಸಿತು. ಕುಡಿದು ವಾಹನ ಓಡಿಸಿದರೆ, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ, 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಆದರೆ ತೋಟದ ಕವಲು ದಾರಿಯಲ್ಲಿ ಊದಿಸಿ ನೋಡುವವರು ಯಾರು?

ಈ ಎರಡು ತಾಲೂಕುಗಳಲ್ಲಿ ರಸ್ತೆಯ ಅಪಾಯ ವಾಹನದ್ದು ಮಾತ್ರವಲ್ಲ. ಸಕಲೇಶಪುರ-ಆಲೂರು ಭಾಗ ಕಾಡಾನೆಗಳ ಹಾವಳಿಗೆ ಹೆಸರಾದುದು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಸಮಸ್ಯೆ ತೀರಲಿಲ್ಲ. ಸಂಜೆಯಾದ ಮೇಲೆ ಒಂಟಿಯಾಗಿ ಓಡಾಡಬೇಡಿ ಎಂದು ಅರಣ್ಯ ಇಲಾಖೆ ಎಚ್ಚರಿಸುತ್ತದೆ. ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣದು. ಕಿವಿ ಮೂಗು ಚುರುಕಾಗಿ ಇರಬೇಕಾದ ಹೊತ್ತಿನಲ್ಲಿ ಅಮಲೇರಿಸಿಕೊಂಡು ಲೈನ್ ಮನೆಗೆ ನಡೆದು ಹೋಗುವ ಹುಡುಗನ ಗತಿ ಏನು? ಬೆಂಗಳೂರಿನಲ್ಲಿ ಕುಳಿತು ವಯಸ್ಸಿನ ಬಗ್ಗೆ ವಾದಿಸುವವರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ.

ವಾರಾಂತ್ಯದ ಅತಿಥಿಗಳು

ಸ್ಥಳೀಯ ಹುಡುಗರ ಜೊತೆಗೆ ಹೊರಗಿನ ಯುವಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಜರಾಬಾದ್ ಕೋಟೆ, ಬಿಸಿಲೆ ಘಾಟಿ, ಮೂಕನಮನೆ ಜಲಪಾತ, ಬೆಟ್ಟದ ತುದಿಯ ಹೋಂಸ್ಟೇಗಳು ಬೆಂಗಳೂರು, ಮಂಗಳೂರು ಎರಡೂ ಕಡೆಯ ಕಾಲೇಜು ಮಕ್ಕಳನ್ನು ಸೆಳೆಯುತ್ತವೆ. ಹೋಂಸ್ಟೇ ಎಂದ ಮಾತ್ರಕ್ಕೆ ಮದ್ಯ ಮಾರುವ ಹಕ್ಕು ಬರುವುದಿಲ್ಲ, ಅದಕ್ಕೆ ಅಬಕಾರಿ ಸನ್ನದು ಬೇಕೇ ಬೇಕು. ಅತಿಥಿಗಳು ತಾವೇ ತಂದದ್ದನ್ನು ಕುಡಿದರೆ ಮಾಲೀಕರು ನೋಡಿಯೂ ನೋಡದಂತೆ ಇರುವುದುಂಟು. ಮರುದಿನ ಜಲಪಾತದ ಬಂಡೆಗಳ ಮೇಲೆ ಒಡೆದ ಬಾಟಲಿ ಆಯುವ ಕೆಲಸ ಊರಿನವರಿಗೆ.

2021ರ ಏಪ್ರಿಲ್‌ನಲ್ಲಿ ಆಲೂರು ತಾಲೂಕಿನ ಹೊಂಕರವಳ್ಳಿ ಬಳಿಯ ಎಸ್ಟೇಟೊಂದರಲ್ಲಿ ರೇವ್ ಪಾರ್ಟಿಯ ಮೇಲೆ ಪೊಲೀಸರು ದಾಳಿ ಮಾಡಿದಾಗ ನೂರಕ್ಕೂ ಹೆಚ್ಚು ಯುವಕ-ಯುವತಿಯರು ಅಲ್ಲಿದ್ದರು. ಬೆಂಗಳೂರು, ಮಂಗಳೂರು ಕಡೆಯಿಂದ ಬಂದವರು ಅವರಲ್ಲಿದ್ದರು. ಮಗಳು ‘ಸಕಲೇಶಪುರಕ್ಕೆ ಟ್ರಿಪ್’ ಎಂದಾಗ ಹೆತ್ತವರು ಎಲ್ಲಿ ಉಳಿಯುತ್ತೀರಿ, ಯಾರ ಜೊತೆ ಎಂದು ಕೇಳಿದರೆ ಅದು ಸಂಶಯವಲ್ಲ, ಜವಾಬ್ದಾರಿ. ಮಗನಿಗೂ ಇದೇ ಪ್ರಶ್ನೆ ಕೇಳಬೇಕು, ಅದನ್ನೇ ನಾವು ಮರೆಯುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ಮದ್ಯ ಸೇವಿಸುವವರು ನೂರಕ್ಕೆ 16ಕ್ಕೂ ಹೆಚ್ಚು. ಹೆಂಗಸರಲ್ಲಿ ನೂರಕ್ಕೆ ಒಬ್ಬರಷ್ಟೂ ಇಲ್ಲ.

ಕೌಂಟರಿನಲ್ಲಿ ಆಗಬೇಕಾದದ್ದು

21 ಎಂದು ಬರೆದ ಫಲಕ ತಾನಾಗಿ ಯಾರನ್ನೂ ತಡೆಯುವುದಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಕೂತವನು ಮೀಸೆ ಮೂಡದ ಗಿರಾಕಿಯಿಂದ ಗುರುತಿನ ಚೀಟಿ ಕೇಳುವುದು ಅಪರೂಪ. ಸಿಮ್ ಕಾರ್ಡ್ ಕೊಳ್ಳಲು ಗುರುತಿನ ಚೀಟಿ ಬೇಕು, ಲಾಡ್ಜಿನಲ್ಲಿ ಒಂದು ರಾತ್ರಿ ಮಲಗಲು ಬೇಕು, ಕ್ವಾರ್ಟರ್ ಬಾಟಲಿಗೆ ಬೇಡ! ಮದ್ಯ ಮಾರುವ ಕಡೆಗಳಲ್ಲಿ ವಯಸ್ಸು ಪರಿಶೀಲಿಸುವ ಕಡ್ಡಾಯ ವ್ಯವಸ್ಥೆ ಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಕೇಂದ್ರ ಸರಕಾರದ ಉತ್ತರ ಕೇಳಿತು. ವಯಸ್ಸನ್ನು ಇಳಿಸುವ ಪ್ರಸ್ತಾವಕ್ಕೆ 2023ರಲ್ಲಿ ಎದ್ದ ದನಿಗಳಲ್ಲಿ ಅರ್ಧದಷ್ಟಾದರೂ, ಇರುವ ವಯಸ್ಸನ್ನು ಕೌಂಟರಿನಲ್ಲಿ ಪಾಲಿಸಿರಿ ಎಂದು ಕೇಳಲು ಏಳಬೇಕಿತ್ತು.

‘ಹೇಗೂ ಯಾರೂ ಪಾಲಿಸುವುದಿಲ್ಲ, ಇಳಿಸಿಬಿಡಿ’ ಎನ್ನುವವರಿದ್ದಾರೆ. ಹೆಲ್ಮೆಟ್ ನಿಯಮವನ್ನೂ ಮೊದಲು ಯಾರೂ ಪಾಲಿಸುತ್ತಿರಲಿಲ್ಲ. ಪಾಲನೆಯಾಗದ ಸಂಖ್ಯೆಗೂ ಒಂದು ಉಪಯೋಗವಿದೆ: ದೂರು ಕೊಡಲು ಹೋದ ತಾಯಿಯ ಕೈಯಲ್ಲಿ ಅದು ಹಿಡಿಗೋಲು. ಹತ್ತೊಂಬತ್ತರ ಮಗನಿಗೆ ಮಾರಿದ ಸನ್ನದುದಾರನ ಮೇಲೆ ಇವತ್ತು ಆಕೆ ದೂರು ಕೊಡಬಹುದು. ವಯಸ್ಸು 18 ಆದ ದಿನ ಆ ಬಾಗಿಲು ಮುಚ್ಚುತ್ತದೆ.

ದೂರು ಕೊಡುವುದು ಹೀಗೆ. ಸನ್ನದು ಇರುವ ಅಂಗಡಿಯ ವಿರುದ್ಧವಾದರೆ ತಾಲೂಕಿನ ಅಬಕಾರಿ ನಿರೀಕ್ಷಕರಿಗೆ ಬರವಣಿಗೆಯಲ್ಲಿ, ಅಂಗಡಿಯ ಹೆಸರು, ದಿನ, ಹೊತ್ತು ಸಹಿತ ಕೊಡಿ. ಪ್ರತಿಯನ್ನು ಹಾಸನದ ಅಬಕಾರಿ ಉಪ ಆಯುಕ್ತರಿಗೆ ಕಳುಹಿಸಿ. ಸನ್ನದಿಲ್ಲದ ಗೂಡಂಗಡಿಯಾದರೆ ಪೊಲೀಸ್ ಠಾಣೆಗೂ ಕೊಡಬಹುದು. ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಿದರೆ ದೂರಿಗೆ ಬಲ ಬರುತ್ತದೆ. ಹದಿನೆಂಟರ ಕೆಳಗಿನ ಮಗುವಿನ ವಿಷಯವಾದರೆ ಮಕ್ಕಳ ಸಹಾಯವಾಣಿ 1098.

ಈಗಾಗಲೇ ಕುಡಿತಕ್ಕೆ ಬಿದ್ದವರಿಗೆ ಬೈಗುಳಕ್ಕಿಂತ ಚಿಕಿತ್ಸೆ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ. ಫೋನಿನಲ್ಲಿ ಮಾತನಾಡಬಯಸುವವರು ವ್ಯಸನಮುಕ್ತಿ ಸಹಾಯವಾಣಿ 14446, ಅಥವಾ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.